ಪಾಸಿಟಿವ್ ಎಂದರೆ ಒಳ್ಳೆಯದೇ, ನೆಗೆಟಿವ್ ಎಂದರೆ ಕೆಟ್ಟದ್ದೇ? ಎರಡು ಪದಗಳ ಹಲವು ಅರ್ಥಗಳು

ನಮ್ಮ ಬಳಗದ ಒಬ್ಬರ ಚಿಕ್ಕಮ್ಮನಿಗೆ ಸ್ತನದಲ್ಲಿ ಗಂಟು ಕಾಣಿಸಿಕೊಂಡು ಬಯಾಪ್ಸಿ ಮಾಡಿಸಿದ್ದರು. ಅದು ಕ್ಯಾನ್ಸರ್ ಎಂದು ವೈದ್ಯರು ಆಗಲೇ ತಿಳಿಸಿದ್ದರು. ಒಂದು ವಾರದ ನಂತರ ಎರಡನೆಯ ರಿಪೋರ್ಟ್ ಮೊಬೈಲಿಗೆ ಬಂತು. ಅದರಲ್ಲಿ ಮೂರು ಸಾಲುಗಳಿದ್ದವು: ಇಆರ್ ಪಾಸಿಟಿವ್, ಪಿಆರ್ ಪಾಸಿಟಿವ್, ಹರ್-2 ನೆಗೆಟಿವ್. ವೈದ್ಯರನ್ನು ಕಾಣಲು ಇನ್ನೂ ಎರಡು ದಿನವಿತ್ತು. ಮನೆಯವರು ಅದನ್ನು ಓದಿಕೊಂಡದ್ದು ಹೀಗೆ: “ಎರಡೆರಡು ಪಾಸಿಟಿವ್ ಬಂದಿದೆ, ಅಂದರೆ ಕಾಯಿಲೆ ಎರಡು ಪಟ್ಟು ಇದೆ.” ಆ ಎರಡು ದಿನ ಮನೆಯಲ್ಲಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ, ನಿದ್ದೆ ಮಾಡಲಿಲ್ಲ. ಆದರೆ ವೈದ್ಯರು ರಿಪೋರ್ಟ್ ನೋಡಿ ಹೇಳಿದ್ದೇ ಬೇರೆ. ಆ ಎರಡು ಪಾಸಿಟಿವ್‌ಗಳಿಂದಾಗಿ ಚಿಕಿತ್ಸೆಗೆ ಇನ್ನೊಂದು ದಾರಿ ತೆರೆದಿತ್ತು.

ಆ ಮನೆಯವರು ಓದು ಬಾರದವರೇನಲ್ಲ. ಅವರನ್ನು ದಾರಿ ತಪ್ಪಿಸಿದ್ದು ನಾವೆಲ್ಲರೂ ದಿನಕ್ಕೆ ಹತ್ತು ಸಲ ಬಳಸುವ ಎರಡು ಪದಗಳು. ‘ಪಾಸಿಟಿವ್ ಆಗಿ ಯೋಚಿಸು’, ‘ನೆಗೆಟಿವ್ ಮಾತಾಡಬೇಡ’, ‘ರಿಪೋರ್ಟ್ ನೆಗೆಟಿವ್ ಬಂತು, ದೇವರು ದೊಡ್ಡವನು’, ‘ನಂದು ಬಿ ಪಾಸಿಟಿವ್’: ಈ ನಾಲ್ಕು ಮಾತುಗಳಲ್ಲೂ ಇರುವುದು ಅದೇ ಪದಗಳು. ಅರ್ಥ ಮಾತ್ರ ಬೇರೆ ಬೇರೆ. ಈ ಲೇಖನದಲ್ಲಿ ಆ ಅರ್ಥಗಳನ್ನು ಒಂದೊಂದಾಗಿ ನೋಡೋಣ.

ಮೊದಲಿಗೆ ಸಂಕ್ಷಿಪ್ತ ಉತ್ತರ

ಮಾತಿನಲ್ಲಿ ಪಾಸಿಟಿವ್ ಎಂದರೆ ಒಳ್ಳೆಯದು, ಭರವಸೆಯದು. ನೆಗೆಟಿವ್ ಎಂದರೆ ಕೆಟ್ಟದ್ದು, ನಿರಾಸೆಯದು. ವಿಜ್ಞಾನ ಮತ್ತು ವೈದ್ಯಕೀಯದಲ್ಲಿ ಹಾಗಲ್ಲ. ಅಲ್ಲಿ ಪಾಸಿಟಿವ್ ಎಂದರೆ ಸಾಮಾನ್ಯವಾಗಿ ‘ಹುಡುಕಿದ್ದು ಇದೆ’ ಅಥವಾ ‘ಏನೋ ಸೇರಿದೆ’ ಎಂದರ್ಥ. ನೆಗೆಟಿವ್ ಎಂದರೆ ‘ಹುಡುಕಿದ್ದು ಸಿಗಲಿಲ್ಲ’ ಅಥವಾ ‘ಏನೋ ಕಳೆದಿದೆ’. ಅದು ಒಳ್ಳೆಯದೋ ಕೆಟ್ಟದ್ದೋ ಎಂಬುದು ಹುಡುಕಿದ್ದು ಏನನ್ನು ಎಂಬುದರ ಮೇಲೆ ನಿಂತಿದೆ. ಆದ್ದರಿಂದ ರಿಪೋರ್ಟ್ ಕೈಗೆ ಬಂದಾಗ ಕೇಳಬೇಕಾದ ಮೊದಲ ಪ್ರಶ್ನೆ ‘ಪಾಸಿಟಿವ್ಓ ನೆಗೆಟಿವ್ಓ’ ಎಂಬುದಲ್ಲ, ‘ಏನನ್ನು ಹುಡುಕಿದ್ದರು’ ಎಂಬುದು.

ಪದಗಳು ಎಲ್ಲಿಂದ ಬಂದವು?

ಪಾಸಿಟಿವ್ ಪದದ ಬೇರು ಲ್ಯಾಟಿನ್ ಭಾಷೆಯ ‘ಪೊನೆರೆ’. ಇಡು, ಸ್ಥಾಪಿಸು ಎಂದು ಅದರ ಅರ್ಥ. ನೆಗೆಟಿವ್ ಬಂದದ್ದು ‘ನೆಗಾರೆ’ಯಿಂದ. ಅದರ ಅರ್ಥ ಅಲ್ಲಗಳೆ, ಇಲ್ಲವೆನ್ನು. ಮೂಲದಲ್ಲಿ ಇರುವುದು ‘ಇದೆ’ ಮತ್ತು ‘ಇಲ್ಲ’ ಎಂಬ ಭಾವ. ಒಳಿತು ಕೆಡುಕುಗಳ ಅರ್ಥ ಅಂಟಿಕೊಂಡದ್ದು ಆಮೇಲೆ.

ಕನ್ನಡದಲ್ಲಿ ಈ ಜೋಡಿಗೆ ಕನಿಷ್ಠ ಎರಡು ಅನುವಾದಗಳಿವೆ. ಶಾಲೆಯ ಗಣಿತದಲ್ಲಿ ನಾವು ಓದಿದ್ದು ಧನ ಮತ್ತು ಋಣ. ಪತ್ರಿಕೆಗಳಲ್ಲಿ, ಭಾಷಣಗಳಲ್ಲಿ ಬರುವುದು ಸಕಾರಾತ್ಮಕ ಮತ್ತು ನಕಾರಾತ್ಮಕ. ಧನ, ಋಣಗಳಿಗೆ ದೊಡ್ಡ ಇತಿಹಾಸವೇ ಇದೆ. ಕ್ರಿ.ಶ. 628ರಲ್ಲಿ ಬ್ರಹ್ಮಗುಪ್ತ ‘ಬ್ರಾಹ್ಮಸ್ಫುಟಸಿದ್ಧಾಂತ’ ಗ್ರಂಥದಲ್ಲಿ ಸೊನ್ನೆಗಿಂತ ಹೆಚ್ಚಿನ ಸಂಖ್ಯೆಗಳನ್ನು ಧನವೆಂದೂ ಕಡಿಮೆಯವನ್ನು ಋಣವೆಂದೂ ಕರೆದು, ಅವುಗಳನ್ನು ಕೂಡುವ, ಕಳೆಯುವ, ಗುಣಿಸುವ ನಿಯಮಗಳನ್ನು ಕೊಟ್ಟ. ಕೈಯಲ್ಲಿರುವ ಹಣ ಧನ, ತೀರಿಸಬೇಕಾದ ಸಾಲ ಋಣ. ಲೆಕ್ಕಕ್ಕೆ ಇದಕ್ಕಿಂತ ಸುಲಭವಾದ ಹೋಲಿಕೆ ಸಿಗಲಾರದು.

ಆದರೆ ಇಲ್ಲೇ ಒಂದು ತೊಡಕೂ ಇದೆ. ಧನ ಎಂದೊಡನೆ ನಮ್ಮ ಕಿವಿಗೆ ಒಳ್ಳೆಯದು ಎಂದೇ ಕೇಳುತ್ತದೆ, ಋಣ ಎಂದೊಡನೆ ಹೊರೆ ಎಂದು. ‘ಸಕಾರಾತ್ಮಕ’ವಂತೂ ಇನ್ನೂ ಒಂದು ಹೆಜ್ಜೆ ಮುಂದೆ. ಹಾಗಾಗಿ ರೋಗಪರೀಕ್ಷೆಯ ಫಲಿತಾಂಶಕ್ಕೆ ಈ ಎರಡೂ ಜೋಡಿ ಹೊಂದುವುದಿಲ್ಲ. 2020ರಲ್ಲಿ ಕೋವಿಡ್ ಬಂದಾಗ ಕನ್ನಡ ಪತ್ರಿಕೆಗಳು ‘ಸಕಾರಾತ್ಮಕ ವರದಿ’ ಎಂದು ಬರೆಯುವ ಬದಲು ‘ಸೋಂಕು ದೃಢ’ ಎಂದು ಬರೆದವು. ಓದುಗರಿಗೆ ಗೊಂದಲವಾಗಲಿಲ್ಲ. ಏಕೆಂದರೆ ಆ ಎರಡು ಪದಗಳಲ್ಲಿ ಏನು ಸಿಕ್ಕಿತು ಎಂಬುದೂ ಇದೆ, ಸಿಕ್ಕಿದೆ ಎಂಬುದೂ ಇದೆ.

ಒಂದೇ ಕಾಯಿಲೆ, ಎರಡು ಪಾಸಿಟಿವ್

ಹೆಪಟೈಟಿಸ್ ಬಿ ಯಕೃತ್ತಿಗೆ ತಗಲುವ ವೈರಸ್ ಸೋಂಕು. ಅದಕ್ಕೆ ಮಾಡುವ ಪರೀಕ್ಷೆಗಳಲ್ಲಿ ಎರಡನ್ನು ಇಲ್ಲಿ ನೋಡೋಣ. ಒಂದರ ಹೆಸರು ಎಚ್‌ಬಿಎಸ್‌ಎಜಿ. ಇದು ವೈರಸ್ಸಿನ ಹೊರಕವಚದ ಪ್ರೋಟೀನನ್ನು ಹುಡುಕುತ್ತದೆ. ಇದು ಪಾಸಿಟಿವ್ ಬಂದರೆ ದೇಹದಲ್ಲಿ ವೈರಸ್ ಇದೆ ಎಂದು ಅರ್ಥ, ಮುಂದಿನ ಪರೀಕ್ಷೆಗಳು ಬೇಕಾಗುತ್ತವೆ. ಇನ್ನೊಂದರ ಹೆಸರು ಆಂಟಿ-ಎಚ್‌ಬಿಎಸ್. ಇದು ಹುಡುಕುವುದು ವೈರಸ್ಸನ್ನಲ್ಲ, ಅದರ ವಿರುದ್ಧ ನಮ್ಮ ದೇಹ ತಯಾರಿಸಿದ ಪ್ರತಿಕಾಯಗಳನ್ನು. ಇದು ಪಾಸಿಟಿವ್ ಬಂದರೆ ಲಸಿಕೆಯಿಂದಲೋ ಹಿಂದಿನ ಸೋಂಕಿನಿಂದ ಚೇತರಿಸಿಕೊಂಡದ್ದರಿಂದಲೋ ರಕ್ಷಣೆ ಸಿಕ್ಕಿದೆ ಎಂದರ್ಥ. ಮೊದಲನೆಯದು ನೆಗೆಟಿವ್ ಇರಲಿ ಎಂದು ಬಯಸಬೇಕು, ಎರಡನೆಯದು ಪಾಸಿಟಿವ್ ಇರಲಿ ಎಂದು. ರಿಪೋರ್ಟಿನಲ್ಲಿ ಎರಡೂ ಹೆಸರುಗಳು ಅಕ್ಕಪಕ್ಕ ಇರುತ್ತವೆ, ನೋಡಲು ಹೆಚ್ಚು ಕಡಿಮೆ ಒಂದೇ ತರ ಇರುತ್ತವೆ.

ಗರ್ಭ ಧರಿಸುವ ಯೋಚನೆಯಲ್ಲಿರುವವರಿಗೆ ಮಾಡಿಸುವ ರುಬೆಲ್ಲಾ ಐಜಿಜಿ ಪರೀಕ್ಷೆಯೂ ಹೀಗೆಯೇ. ಪಾಸಿಟಿವ್ ಬಂದರೆ ಸಾಮಾನ್ಯವಾಗಿ ರುಬೆಲ್ಲಾ ವಿರುದ್ಧ ರೋಗನಿರೋಧಕ ಶಕ್ತಿ ಇದೆ ಎಂದರ್ಥ. ನೆಗೆಟಿವ್ ಬಂದರೆ ಗರ್ಭ ಧರಿಸುವ ಮೊದಲು ಲಸಿಕೆ ಹಾಕಿಸಿಕೊಳ್ಳುವ ಬಗ್ಗೆ ವೈದ್ಯರು ಹೇಳಬಹುದು. ಮನೆಯಲ್ಲೇ ಮಾಡಿಕೊಳ್ಳುವ ಗರ್ಭಪರೀಕ್ಷೆಯನ್ನು ತೆಗೆದುಕೊಳ್ಳಿ. ಆ ಕಡ್ಡಿ ಹುಡುಕುವುದು ಮೂತ್ರದಲ್ಲಿರುವ ಎಚ್‌ಸಿಜಿ ಎಂಬ ಹಾರ್ಮೋನನ್ನು. ಎರಡು ಗೆರೆ ಮೂಡಿದರೆ ಪಾಸಿಟಿವ್. ಒಂದು ಮನೆಯಲ್ಲಿ ಅದಕ್ಕಾಗಿ ಹರಕೆ ಹೊತ್ತಿರುತ್ತಾರೆ, ಇನ್ನೊಂದು ಮನೆಯಲ್ಲಿ ಅದೇ ಗೆರೆಗಳು ಚಿಂತೆ ತರುತ್ತವೆ. ಕಡ್ಡಿಗೆ ಇದು ಯಾವುದೂ ಗೊತ್ತಿಲ್ಲ. ಅದು ಹೇಳುವುದು ಹಾರ್ಮೋನ್ ಸಿಕ್ಕಿತು ಎಂದಷ್ಟೇ.

ಕ್ಯಾನ್ಸರ್ ರಿಪೋರ್ಟಿನಲ್ಲಿ ಈ ಪದಗಳು

ಈಗ ಚಿಕ್ಕಮ್ಮನ ರಿಪೋರ್ಟಿಗೆ ಬರೋಣ. ಇಆರ್ ಎಂದರೆ ಈಸ್ಟ್ರೋಜೆನ್ ಗ್ರಾಹಕ, ಪಿಆರ್ ಎಂದರೆ ಪ್ರೊಜೆಸ್ಟರಾನ್ ಗ್ರಾಹಕ. ಹಾರ್ಮೋನುಗಳು ಬಂದು ಅಂಟಿಕೊಳ್ಳಲು ಜೀವಕೋಶದಲ್ಲಿ ಇರುವ ಜಾಗಗಳಿವು. ಗಂಟಿನ ಕೋಶಗಳಲ್ಲಿ ಇವು ಇದ್ದರೆ ಆ ಕ್ಯಾನ್ಸರ್ ಬೆಳೆಯಲು ಹಾರ್ಮೋನಿನ ನೆರವು ಪಡೆಯುತ್ತಿದೆ ಎಂದು ತಿಳಿಯಬಹುದು. ಆಗ ಟ್ಯಾಮಾಕ್ಸಿಫೆನ್‌ನಂಥ ಮಾತ್ರೆಗಳಿಂದ ಆ ನೆರವನ್ನು ತಡೆಯಲು ಸಾಧ್ಯ. ಅಂದರೆ ಇಲ್ಲಿ ಪಾಸಿಟಿವ್ ಎಂಬುದು ರೋಗದ ಪ್ರಮಾಣವನ್ನು ಹೇಳುವುದಿಲ್ಲ, ಯಾವ ಔಷಧ ನಾಟಬಹುದು ಎಂಬುದನ್ನು ಹೇಳುತ್ತದೆ.

ಹರ್-2 ಎಂಬುದು ಕೋಶದ ಮೇಲಿನ ಇನ್ನೊಂದು ಪ್ರೋಟೀನ್. ಅದು ಪಾಸಿಟಿವ್ ಇರುವ ಗಂಟುಗಳು ಬೇಗ ಬೆಳೆಯುವ ಸ್ವಭಾವದವು. ಆದರೆ ಅದನ್ನೇ ಗುರಿಯಾಗಿಸಿಕೊಂಡ ಟ್ರಾಸ್ಟುಜುಮ್ಯಾಬ್‌ನಂಥ ಔಷಧಗಳು ಇವೆ. ಇಆರ್, ಪಿಆರ್, ಹರ್-2 ಮೂರೂ ನೆಗೆಟಿವ್ ಇದ್ದರೆ ‘ಟ್ರಿಪಲ್ ನೆಗೆಟಿವ್’ ಎನ್ನುತ್ತಾರೆ. ಕೇಳಿದವರಿಗೆ ಇದು ಶುಭಸುದ್ದಿಯಂತೆ ತೋರಬಹುದು. ವಾಸ್ತವದಲ್ಲಿ ಹಾರ್ಮೋನ್ ತಡೆಯುವ ಮಾತ್ರೆಗಳಾಗಲಿ ಹರ್-2 ಪಾಸಿಟಿವ್ ಗಂಟುಗಳಿಗೆ ಕೊಡುವ ಚಿಕಿತ್ಸೆಯಾಗಲಿ ಇಲ್ಲಿ ನಾಟುವುದಿಲ್ಲ. ವೈದ್ಯರು ಕೀಮೋಥೆರಪಿಯಂಥ ಬೇರೆ ದಾರಿಗಳನ್ನು ಹಿಡಿಯಬೇಕಾಗುತ್ತದೆ.

ಶಸ್ತ್ರಚಿಕಿತ್ಸೆಯ ನಂತರ ಬರುವ ರಿಪೋರ್ಟಿನಲ್ಲಿ ಮತ್ತೆರಡು ಮಾತುಗಳಿರುತ್ತವೆ. ‘ಮಾರ್ಜಿನ್ ನೆಗೆಟಿವ್’ ಎಂದರೆ ಕತ್ತರಿಸಿ ತೆಗೆದ ಭಾಗದ ಅಂಚಿನಲ್ಲಿ ಕ್ಯಾನ್ಸರ್ ಕೋಶ ಕಾಣಲಿಲ್ಲ ಎಂದರ್ಥ. ಇದು ಸಮಾಧಾನದ ಸುದ್ದಿ. ‘ನೋಡ್ ಪಾಸಿಟಿವ್’ ಎಂದರೆ ದುಗ್ಧಗ್ರಂಥಿಗಳಲ್ಲಿ ಕ್ಯಾನ್ಸರ್ ಕೋಶ ಸಿಕ್ಕಿತು ಎಂದರ್ಥ. ಇದು ಹೆಚ್ಚಿನ ಚಿಕಿತ್ಸೆಯನ್ನು ಬೇಡಬಹುದು. ಹೀಗೆ ಒಬ್ಬರೇ ರೋಗಿಯ ಕಡತದಲ್ಲಿ ಒಂದು ಪಾಸಿಟಿವ್ ಅನುಕೂಲಕರ, ಇನ್ನೊಂದು ಪಾಸಿಟಿವ್ ಆತಂಕದ್ದು, ಒಂದು ನೆಗೆಟಿವ್ ನೆಮ್ಮದಿಯದು ಆಗಿರಬಹುದು. ಪಾಸಿಟಿವ್ ಎಷ್ಟು, ನೆಗೆಟಿವ್ ಎಷ್ಟು ಎಂದು ಎಣಿಸಿ ತೀರ್ಮಾನಕ್ಕೆ ಬಂದರೆ ಎಡವುವುದು ಖಂಡಿತ.

ರಕ್ತದ ಗುಂಪಿನಲ್ಲಿ ಪಾಸಿಟಿವ್, ನೆಗೆಟಿವ್

‘ನಂದು ಬಿ ಪಾಸಿಟಿವ್, ಅದಕ್ಕೇ ಯಾವಾಗಲೂ ಪಾಸಿಟಿವ್ ಆಗಿರ್ತೀನಿ’ ಎಂಬ ತಮಾಷೆ ಎಲ್ಲರೂ ಕೇಳಿದ್ದೇ. ರಕ್ತದ ಗುಂಪಿಗೂ ಮನುಷ್ಯನ ಸ್ವಭಾವಕ್ಕೂ ನಂಟಿದೆ ಎನ್ನಲು ಒಪ್ಪತಕ್ಕ ವೈಜ್ಞಾನಿಕ ಆಧಾರವಿಲ್ಲ. ಇಲ್ಲಿ ಪಾಸಿಟಿವ್ ಎಂದರೆ ಕೆಂಪು ರಕ್ತಕಣದ ಮೇಲೆ ಆರ್‌ಎಚ್ ಡಿ ಎಂಬ ಪ್ರೋಟೀನ್ ಇದೆ, ನೆಗೆಟಿವ್ ಎಂದರೆ ಇಲ್ಲ. ಎ, ಬಿ, ಒ ಗುಂಪುಗಳನ್ನು 1901ರಲ್ಲಿ ವಿವರಿಸಿದ ಕಾರ್ಲ್ ಲ್ಯಾಂಡ್‌ಸ್ಟೈನರ್ ಅವರೇ ಅಲೆಕ್ಸಾಂಡರ್ ವೀನರ್ ಜೊತೆ ಸೇರಿ 1940ರಲ್ಲಿ ಆರ್‌ಎಚ್ ಅಂಶದ ಬಗ್ಗೆಯೂ ಪ್ರಕಟಿಸಿದರು. ಆರ್‌ಎಚ್ ಎಂಬ ಹೆಸರು ಬಂದದ್ದು ಪ್ರಯೋಗಕ್ಕೆ ಬಳಸಿದ ರೀಸಸ್ ಕೋತಿಯಿಂದ.

ನೆಗೆಟಿವ್ ರಕ್ತ ರೋಗವಲ್ಲ, ದೋಷವೂ ಅಲ್ಲ. ಭಾರತದಲ್ಲಿ ಅಂಥವರ ಪ್ರಮಾಣ ಸುಮಾರು ಶೇಕಡಾ 5. ಹಾಗಾಗಿ ತುರ್ತಿನಲ್ಲಿ ಹೊಂದುವ ರಕ್ತ ಸಿಗುವುದು ಕಷ್ಟವಾಗಬಹುದು. ತಂದೆ ತಾಯಿ ಇಬ್ಬರೂ ಪಾಸಿಟಿವ್ ಇದ್ದರೂ ಮಗುವಿನದು ನೆಗೆಟಿವ್ ಆಗಬಹುದು. ಇಬ್ಬರಲ್ಲೂ ಅಡಗಿದ್ದ ಜೀನ್ ಮಗುವಿಗೆ ಬಂದರೆ ಹೀಗಾಗುತ್ತದೆ. ಇದನ್ನು ತಿಳಿಯದೆ ಮನೆಯ ಹೆಣ್ಣುಮಗಳ ಮೇಲೆ ಅನುಮಾನ ಪಡುವುದು ಅನ್ಯಾಯ.

ಗಮನ ಕೊಡಬೇಕಾದ ಸಂದರ್ಭ ಒಂದಿದೆ. ತಾಯಿ ನೆಗೆಟಿವ್ ಇದ್ದು ಹೊಟ್ಟೆಯಲ್ಲಿರುವ ಮಗು ಪಾಸಿಟಿವ್ ಇದ್ದರೆ, ಮಗುವಿನ ರಕ್ತ ತಾಯಿಯ ರಕ್ತಕ್ಕೆ ಸೇರಿದಾಗ ತಾಯಿಯ ದೇಹ ಅದರ ವಿರುದ್ಧ ಪ್ರತಿಕಾಯಗಳನ್ನು ತಯಾರಿಸಬಹುದು. ಮೊದಲ ಮಗುವಿಗೆ ಸಾಮಾನ್ಯವಾಗಿ ತೊಂದರೆಯಾಗದಿದ್ದರೂ ಮುಂದಿನ ಮಗುವಿಗೆ ಆಗಬಹುದು. ಇದನ್ನು ತಡೆಯಲು ಆಂಟಿ-ಡಿ ಇಂಜೆಕ್ಷನ್ ಇದೆ. ಸಾಮಾನ್ಯವಾಗಿ ಗರ್ಭದ 28ನೇ ವಾರದ ಸುಮಾರಿಗೆ ಒಮ್ಮೆ, ಹುಟ್ಟಿದ ಮಗು ಪಾಸಿಟಿವ್ ಇದ್ದರೆ ಹೆರಿಗೆಯಾದ 72 ಗಂಟೆಗಳೊಳಗೆ ಮತ್ತೊಮ್ಮೆ ಕೊಡುತ್ತಾರೆ. ಗರ್ಭಪಾತವಾದಾಗಲೂ ಇದು ಬೇಕಾಗಬಹುದು. ‘ನೆಗೆಟಿವ್ ಅಂದ್ರೆ ಏನೂ ಇಲ್ಲ ಅಂತ ತಾನೇ’ ಎಂದು ಸುಮ್ಮನಾಗುವ ವಿಷಯ ಇದಲ್ಲ.

ಬ್ಯಾಕ್ಟೀರಿಯಾ, ಬ್ಯಾಟರಿ, ಫೋಟೋ

1884ರಲ್ಲಿ ಡೆನ್ಮಾರ್ಕಿನ ಹಾನ್ಸ್ ಕ್ರಿಶ್ಚಿಯನ್ ಗ್ರಾಂ ಬ್ಯಾಕ್ಟೀರಿಯಾಗಳಿಗೆ ಬಣ್ಣ ಹಾಕಿ ನೋಡುವ ವಿಧಾನವೊಂದನ್ನು ಪ್ರಕಟಿಸಿದ. ನೇರಳೆ ಬಣ್ಣವನ್ನು ಉಳಿಸಿಕೊಂಡರೆ ಗ್ರಾಂ ಪಾಸಿಟಿವ್, ಬಿಟ್ಟುಕೊಟ್ಟರೆ ಗ್ರಾಂ ನೆಗೆಟಿವ್. ಹಾಲನ್ನು ಮೊಸರಾಗಿಸುವ ಲ್ಯಾಕ್ಟೋಬ್ಯಾಸಿಲಸ್ ಗ್ರಾಂ ಪಾಸಿಟಿವ್. ಕುರು, ಕೀವು ಉಂಟುಮಾಡುವ ಸ್ಟೆಫಿಲೋಕಾಕಸ್ ಕೂಡ ಗ್ರಾಂ ಪಾಸಿಟಿವ್. ಇಲ್ಲಿ ವ್ಯತ್ಯಾಸ ಇರುವುದು ಬ್ಯಾಕ್ಟೀರಿಯಾದ ಗೋಡೆಯ ರಚನೆಯಲ್ಲಿ, ಅದರ ಗುಣದಲ್ಲಲ್ಲ. ಯಾವ ಆಂಟಿಬಯಾಟಿಕ್ ಕೊಡಬೇಕು ಎಂದು ನಿರ್ಧರಿಸುವಾಗ ವೈದ್ಯರಿಗೆ ಈ ಮಾಹಿತಿ ನೆರವಾಗುತ್ತದೆ.

ವಿದ್ಯುತ್ತಿನಲ್ಲಿ ಈ ಪದಗಳನ್ನು ಬಳಕೆಗೆ ತಂದವರು ಬೆಂಜಮಿನ್ ಫ್ರಾಂಕ್ಲಿನ್, 1740ರ ದಶಕದಲ್ಲಿ. ವಿದ್ಯುತ್ ಎಂಬುದು ಒಂದು ದ್ರವದಂತೆ, ಅದು ಹೆಚ್ಚಿದ್ದರೆ ಪಾಸಿಟಿವ್, ಕೊರತೆಯಿದ್ದರೆ ನೆಗೆಟಿವ್ ಎಂದು ಅವರು ಭಾವಿಸಿದ್ದರು. 1897ರಲ್ಲಿ ಜೆ. ಜೆ. ಥಾಮ್ಸನ್ ಎಲೆಕ್ಟ್ರಾನನ್ನು ಗುರುತಿಸಿದರು. ತಂತಿಯಲ್ಲಿ ಹರಿಯುವ ಆ ಕಣದ ಚಾರ್ಜ್, ಫ್ರಾಂಕ್ಲಿನ್ ಇಟ್ಟ ಹೆಸರಿನ ಪ್ರಕಾರ, ನೆಗೆಟಿವ್! ಅದಕ್ಕಾಗಿಯೇ ಇಂದಿಗೂ ಪಠ್ಯಪುಸ್ತಕಗಳಲ್ಲಿ ಕರೆಂಟಿನ ದಿಕ್ಕು ಒಂದು ಕಡೆಗಿದ್ದರೆ ಎಲೆಕ್ಟ್ರಾನುಗಳ ಓಟ ಇನ್ನೊಂದು ಕಡೆಗಿರುತ್ತದೆ. ಇಲ್ಲಿ ಪಾಸಿಟಿವ್, ನೆಗೆಟಿವ್ ಎಂಬುವು ಬರೀ ಗುರುತುಚೀಟಿಗಳು.

ಫೋಟೋ ಸ್ಟುಡಿಯೋದ ನೆಗೆಟಿವ್ ಇನ್ನೂ ಬೇರೆ. ಬೆಳಕಿದ್ದ ಕಡೆ ಕಪ್ಪು, ಕಪ್ಪಿದ್ದ ಕಡೆ ಬೆಳಕು ಕಾಣುವ ತಿರುವುಮುರುವು ಚಿತ್ರ ಅದು. ಮದುವೆಯ ಫೋಟೋಗಳ ನೆಗೆಟಿವನ್ನು ಜೋಪಾನವಾಗಿ ಎತ್ತಿಟ್ಟುಕೊಂಡವರ ಮನೆಯಲ್ಲಿ ಆ ಪದಕ್ಕೆ ಕೆಟ್ಟ ಅರ್ಥವೇನೂ ಇರಲಿಲ್ಲ.

ಮನಸ್ಸಿನ ವಿಷಯದಲ್ಲಿ ಗೊಂದಲ ಹೆಚ್ಚು

ಸ್ಕಿಜೋಫ್ರೇನಿಯಾ ಇರುವವರ ಬಗ್ಗೆ ವೈದ್ಯರು ‘ಪಾಸಿಟಿವ್ ಲಕ್ಷಣಗಳು’ ಎಂದರೆ ಅದು ಚೇತರಿಕೆಯ ಲಕ್ಷಣವಲ್ಲ. ಇಲ್ಲದ ದನಿ ಕೇಳಿಸುವುದು, ಯಾರೋ ಹಿಂಬಾಲಿಸುತ್ತಿದ್ದಾರೆ ಎಂಬ ಗಟ್ಟಿ ನಂಬಿಕೆ, ಹೀಗೆ ಸಹಜ ಅನುಭವಕ್ಕೆ ಹೊಸದಾಗಿ ಸೇರಿಕೊಂಡದ್ದು ಪಾಸಿಟಿವ್ ಲಕ್ಷಣ. ಮಾತು ಕಡಿಮೆಯಾಗುವುದು, ಆಸಕ್ತಿ ಇಲ್ಲವಾಗುವುದು, ಮುಖದಲ್ಲಿ ಭಾವನೆ ಕಾಣದಿರುವುದು, ಅಂದರೆ ಇದ್ದದ್ದು ಕಳೆದುಹೋಗುವುದು ನೆಗೆಟಿವ್ ಲಕ್ಷಣ. ಮನೆಯವರು ಎರಡನೆಯದನ್ನು ‘ಸೋಮಾರಿತನ’, ‘ಕೊಬ್ಬು’ ಎಂದುಕೊಂಡು ಬೈಯುವುದುಂಟು. ಅದೂ ಕಾಯಿಲೆಯ ಭಾಗವೇ.

ಬಿ. ಎಫ್. ಸ್ಕಿನ್ನರ್ ಬಳಸಿದ ‘ನೆಗೆಟಿವ್ ರೀಇನ್‌ಫೋರ್ಸ್‌ಮೆಂಟ್’ ಕೂಡ ಶಿಕ್ಷೆಯಲ್ಲ. ಸೀಟ್‌ಬೆಲ್ಟ್ ಹಾಕುವವರೆಗೂ ಕಾರು ಕೀಕ್ ಕೀಕ್ ಎನ್ನುತ್ತದೆ, ಹಾಕಿದೊಡನೆ ನಿಲ್ಲುತ್ತದೆ. ಕಿರಿಕಿರಿಯನ್ನು ತೆಗೆದುಹಾಕಿ ಒಂದು ಅಭ್ಯಾಸವನ್ನು ಗಟ್ಟಿ ಮಾಡುವುದೇ ಅದು. ಇಲ್ಲಿ ನೆಗೆಟಿವ್ ಎಂದರೆ ‘ತೆಗೆಯುವುದು’.

ಆಫೀಸಿನಲ್ಲಿ ಪಾಸಿಟಿವ್ ಫೀಡ್‌ಬ್ಯಾಕ್ ಎಂದರೆ ಮೆಚ್ಚುಗೆ. ವಿಜ್ಞಾನದಲ್ಲಿ ಅದು ಒಂದು ಬದಲಾವಣೆ ತನ್ನನ್ನು ತಾನೇ ಹೆಚ್ಚಿಸಿಕೊಳ್ಳುತ್ತಾ ಹೋಗುವುದು. ಭೂಮಿ ಬಿಸಿಯಾದರೆ ಹಿಮ ಕರಗುತ್ತದೆ. ಬಿಳಿಯ ಹಿಮ ಕರಗಿದಷ್ಟೂ ಸೂರ್ಯನ ಶಾಖ ಹಿಂದಿರುಗುವುದು ಕಡಿಮೆಯಾಗಿ ಭೂಮಿ ಇನ್ನೂ ಬಿಸಿಯಾಗುತ್ತದೆ. ಇದು ಪಾಸಿಟಿವ್ ಫೀಡ್‌ಬ್ಯಾಕ್, ಖುಷಿಪಡುವಂಥದ್ದೇನಲ್ಲ. ಮೈ ಬಿಸಿಯಾದಾಗ ಬೆವರು ಬಂದು ತಂಪಾಗುವುದು ನೆಗೆಟಿವ್ ಫೀಡ್‌ಬ್ಯಾಕ್. ನಾವು ಬದುಕಿರುವುದು ಇಂಥ ನೆಗೆಟಿವ್‌ಗಳ ಕೃಪೆಯಿಂದ.

ಪಾಸಿಟಿವ್ ಬಂದರೆ ಖಚಿತವೇ? ನೆಗೆಟಿವ್ ಬಂದರೆ ನಿಶ್ಚಿಂತೆಯೇ?

ಎರಡೂ ಅಲ್ಲ. ಯಾವ ಪರೀಕ್ಷೆಯೂ ನೂರಕ್ಕೆ ನೂರು ಸರಿಯಿರುವುದಿಲ್ಲ. ಒಂದು ಕಾಲ್ಪನಿಕ ಲೆಕ್ಕ ನೋಡೋಣ. 10,000 ಜನರಿರುವ ಊರಿನಲ್ಲಿ 100 ಜನರಿಗೆ ಒಂದು ಕಾಯಿಲೆ ಇದೆ. ಪರೀಕ್ಷೆಯು ಕಾಯಿಲೆ ಇರುವ 100ರಲ್ಲಿ 90 ಜನರನ್ನು ಹಿಡಿಯುತ್ತದೆ, ಕಾಯಿಲೆ ಇಲ್ಲದ 100ರಲ್ಲಿ 95 ಜನರಿಗೆ ‘ಇಲ್ಲ’ ಎಂದು ಸರಿಯಾಗಿ ಹೇಳುತ್ತದೆ. ಊರಿಗೆಲ್ಲ ಪರೀಕ್ಷೆ ಮಾಡಿದರೆ ಕಾಯಿಲೆ ಇರುವವರಲ್ಲಿ 90 ಜನರಿಗೆ ಪಾಸಿಟಿವ್ ಬರುತ್ತದೆ. ಕಾಯಿಲೆ ಇಲ್ಲದ 9,900 ಜನರಲ್ಲಿ ಶೇಕಡಾ 5, ಅಂದರೆ 495 ಜನರಿಗೂ ಪಾಸಿಟಿವ್ ಬರುತ್ತದೆ. ಒಟ್ಟು 585 ಪಾಸಿಟಿವ್‌ಗಳಲ್ಲಿ ನಿಜವಾಗಿ ಕಾಯಿಲೆ ಇರುವುದು 90 ಜನರಿಗೆ ಮಾತ್ರ. ಅಂದರೆ ಆರರಲ್ಲಿ ಒಬ್ಬರಿಗೂ ಕಡಿಮೆ. ಕಾಯಿಲೆ ಅಪರೂಪವಾದಷ್ಟೂ ಸುಳ್ಳು ಪಾಸಿಟಿವ್‌ಗಳ ಪಾಲು ಹೆಚ್ಚುತ್ತದೆ. ರೋಗಲಕ್ಷಣ ಇದ್ದವರಿಗಷ್ಟೇ ಪರೀಕ್ಷೆ ಮಾಡಿದಾಗ ಈ ಪಾಲು ಇಳಿಯುತ್ತದೆ. ‘ಎಲ್ಲ ಟೆಸ್ಟೂ ಒಮ್ಮೆ ಮಾಡಿಸಿಬಿಡೋಣ’ ಎಂಬುದು ಯಾವಾಗಲೂ ಜಾಣತನವಲ್ಲ ಎನ್ನುವುದು ಇದಕ್ಕಾಗಿಯೇ.

ಟೈಫಾಯ್ಡ್‌ಗೆಂದು ನಮ್ಮಲ್ಲಿ ಬಹಳವಾಗಿ ಮಾಡಿಸುವ ವಿಡಾಲ್ ಪರೀಕ್ಷೆ ಹುಡುಕುವುದು ಪ್ರತಿಕಾಯಗಳನ್ನು. ಹಿಂದೆ ಬಂದುಹೋದ ಟೈಫಾಯ್ಡ್, ಹಾಕಿಸಿಕೊಂಡ ಲಸಿಕೆ ಅಥವಾ ಬೇರೆ ಕೆಲವು ಸೋಂಕುಗಳಿಂದಲೂ ಅದು ಪಾಸಿಟಿವ್ ಬರಬಹುದು. ಆದ್ದರಿಂದ ಅದೊಂದನ್ನೇ ನಂಬದೆ ರಕ್ತದ ಕಲ್ಚರ್ ಪರೀಕ್ಷೆ ಮಾಡಿಸಲು ವೈದ್ಯರು ಹೇಳುವುದುಂಟು.

ನೆಗೆಟಿವ್‌ನ ಕಥೆಯೂ ಅಷ್ಟೇ. ಡೆಂಗಿಯ ಎನ್‌ಎಸ್1 ಪರೀಕ್ಷೆ ಜ್ವರದ ಮೊದಲ ಕೆಲವು ದಿನಗಳಲ್ಲಿ ಉಪಯುಕ್ತ. ವಾರ ಕಳೆದ ಮೇಲೆ ಅದು ನೆಗೆಟಿವ್ ಬಂದರೆ ಡೆಂಗಿ ಇರಲೇ ಇಲ್ಲ ಎನ್ನಲಾಗದು. ಆ ಹೊತ್ತಿಗೆ ಐಜಿಎಂ ಪರೀಕ್ಷೆ ಹೆಚ್ಚು ಹೇಳುತ್ತದೆ. ಎಚ್‌ಐವಿಯ ಪ್ರತಿಕಾಯ ಪರೀಕ್ಷೆಯಲ್ಲಿ ಸೋಂಕು ಪತ್ತೆಯಾಗಲು 23ರಿಂದ 90 ದಿನಗಳು ಹಿಡಿಯಬಹುದು. ಅದಕ್ಕೂ ಮೊದಲು ಬಂದ ನೆಗೆಟಿವ್ ‘ಇನ್ನೂ ಸಿಕ್ಕಿಲ್ಲ’ ಎಂದು ಹೇಳುತ್ತದೆಯೇ ಹೊರತು ‘ಇಲ್ಲ’ ಎಂದಲ್ಲ.

ರಿಪೋರ್ಟ್ ಓದುವಾಗ ಕೇಳಬೇಕಾದ ನಾಲ್ಕು ಪ್ರಶ್ನೆಗಳು

1. ಈ ಪರೀಕ್ಷೆ ಹುಡುಕಿದ್ದು ಏನನ್ನು: ರೋಗಾಣುವನ್ನೋ, ಪ್ರತಿಕಾಯವನ್ನೋ, ಹಾರ್ಮೋನನ್ನೋ, ಗ್ರಾಹಕವನ್ನೋ?
2. ಅದು ಇರುವುದು ನನಗೆ ಅನುಕೂಲವೋ ಅನನುಕೂಲವೋ?
3. ಪರೀಕ್ಷೆ ಸರಿಯಾದ ಸಮಯದಲ್ಲಿ ಆಗಿದೆಯೇ?
4. ಇದನ್ನು ಖಚಿತಪಡಿಸಲು ಇನ್ನೊಂದು ಪರೀಕ್ಷೆ ಬೇಕೇ?

ರಿಪೋರ್ಟಿನಲ್ಲಿ ‘ರಿಯಾಕ್ಟಿವ್’ ಅಥವಾ ‘ಡಿಟೆಕ್ಟೆಡ್’ ಎಂದಿದ್ದರೂ ಇವೇ ಪ್ರಶ್ನೆಗಳು ಸಲ್ಲುತ್ತವೆ. ಉತ್ತರ ಹೇಳಬೇಕಾದವರು ನಿಮ್ಮನ್ನು ಪರೀಕ್ಷಿಸಿದ ವೈದ್ಯರು. ಈ ಲೇಖನ ಅವರ ಸಲಹೆಗೆ ಬದಲಿಯಲ್ಲ.

ಕೊನೆಯದಾಗಿ

ಚಿಕ್ಕಮ್ಮನ ಮನೆಯಲ್ಲಿ ಆ ಎರಡು ದಿನಗಳನ್ನು ಹಾಳುಮಾಡಿದ್ದು ಕಾಯಿಲೆಯಲ್ಲ, ಒಂದು ಪದವನ್ನು ಅದು ಸಲ್ಲದ ಅರ್ಥದಲ್ಲಿ ಓದಿಕೊಂಡದ್ದು. ಲ್ಯಾಬಿನವರು ‘ಇಆರ್ ಪಾಸಿಟಿವ್’ ಎಂಬುದರ ಕೆಳಗೆ ‘ಹಾರ್ಮೋನ್ ಗ್ರಾಹಕ ಇದೆ’ ಎಂದು ಕನ್ನಡದಲ್ಲಿ ಒಂದು ಸಾಲು ಸೇರಿಸಿದ್ದರೆ ಸಾಕಿತ್ತು. ಅಂಥ ರಿಪೋರ್ಟುಗಳು ಬರುವವರೆಗೆ, ಪಾಸಿಟಿವ್ ಎಂಬಲ್ಲಿ ‘ಇದೆ’, ನೆಗೆಟಿವ್ ಎಂಬಲ್ಲಿ ‘ಸಿಕ್ಕಿಲ್ಲ’ ಎಂದು ಮನಸ್ಸಿನಲ್ಲೇ ಓದಿಕೊಂಡು, ‘ಏನು?’ ಎಂದು ವೈದ್ಯರನ್ನು ಕೇಳುವುದು ಒಳ್ಳೆಯದು. ಹೆದರುವುದಾಗಲಿ ಸಂಭ್ರಮಿಸುವುದಾಗಲಿ ಅದಕ್ಕೆ ಉತ್ತರ ಸಿಕ್ಕ ಮೇಲೆ.